ಗೌಡರ ಲೈಕಾದ ತುಪ್ಪದಂಥ ತಿರುವು

ಕುರಿ ಕೊಳ್ಳುವವರು ಕುರಿಯ ಮುಖ ನೋಡುವುದಿಲ್ಲ. ಪಕ್ಕೆಲುಬು ಮುಗಿಯುವ ಕಡೆ ಬೆನ್ನಿನ ಮೇಲೆ ನಾಲ್ಕು ಬೆರಳು ಒತ್ತಿ ಕಣ್ಣು ಮುಚ್ಚುತ್ತಾರೆ. ಮಾಂಸ ಎಷ್ಟು, ಕೊಬ್ಬು ಎಷ್ಟು, ಮಾರುವವನ ಮಾತಿನಲ್ಲಿ ಸುಳ್ಳು ಎಷ್ಟು ಎಂಬುದು ಆ ಬೆರಳುಗಳಿಗೆ ತಿಳಿಯುತ್ತದೆ. ಸಿಂದಗಿಯ ಅಮಸಿದ್ದಣ್ಣ ಕ್ಯಾಮೆರಾಗಳನ್ನು ಪರೀಕ್ಷಿಸುವುದೂ ಹೀಗೆಯೇ. ಆತನ ಅಪ್ಪ, ಅಜ್ಜ ಕುರಿ ಕಾಯ್ದವರು. ಆತ ಹದಿನೆಂಟನೆಯ ವಯಸ್ಸಿಗೆ ಸೊಲ್ಲಾಪುರದ ಸ್ಟುಡಿಯೋ ಒಂದನ್ನು ಸೇರಿ ಸ್ಕ್ರೂಡ್ರೈವರ್ ಹಿಡಿದ. ಕೈ ಮಾತ್ರ ಮನೆತನದ್ದೇ ಉಳಿಯಿತು.

ಆತನ ರಿಪೇರಿ ಅಂಗಡಿಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಇರುವುದು ಒಂದು ತಗಡು. ಅಲ್ಲಿ ಆಡಿದ ಮಾತು ಇಲ್ಲಿ ತಾನಾಗಿ ಬಂದು ಬೀಳುತ್ತದೆ. ಕದ್ದು ಕೇಳುವ ಅಗತ್ಯ ನನಗೆ ಎಂದೂ ಬಂದಿಲ್ಲ.

ಈಗ ಆತನ ಸಂಸಾರ ನಡೆಯುವುದು ಮೊಬೈಲುಗಳ ಒಡೆದ ಗಾಜು ಬದಲಿಸುವ ಕೆಲಸದಿಂದ. ಆದರೆ ಆತನ ಮನಸ್ಸು ಇರುವುದು ರೀಲು ಹಾಕುವ ಹಳೆಯ ಕ್ಯಾಮೆರಾಗಳಲ್ಲಿ, ಅದರಲ್ಲೂ ರೇಂಜ್‌ಫೈಂಡರ್ ಎಂಬ ಬಗೆಯಲ್ಲಿ. ಈ ಕ್ಯಾಮೆರಾದಲ್ಲಿ ಮಸೂರದ ಮೂಲಕ ನೋಡುವುದಿಲ್ಲ. ಪಕ್ಕದ ಪುಟ್ಟ ಕಿಟಕಿಯಿಂದ ನೋಡಬೇಕು. ಕಿಟಕಿಯ ನಡುವೆ ಒಂದು ಮಸುಕಾದ ಚೌಕ. ಅದರೊಳಗೆ ಎದುರಿನ ಮನುಷ್ಯ ಇಬ್ಬರಾಗಿ ಕಾಣುತ್ತಾನೆ. ಮಸೂರದ ಸುತ್ತಲಿನ ಉಂಗುರವನ್ನು ತಿರುಗಿಸುತ್ತ ಹೋದರೆ ಇಬ್ಬರೂ ಹತ್ತಿರ ಸರಿದು ಒಬ್ಬನಾಗುತ್ತಾರೆ. ಆಗ ಗುಂಡಿ ಒತ್ತಿದರೆ ಚಿತ್ರ ಸ್ಪಷ್ಟ. ಎಲ್ಲ ಜೀವವೂ ಆ ಉಂಗುರದ ತಿರುವಿನಲ್ಲಿದೆ ಎಂಬುದು ಅಮಸಿದ್ದಣ್ಣನ ಸಿದ್ಧಾಂತ.

ಆತನ ಮೇಜಿನ ಮೇಲೆ ಎರಡು ಸ್ವಂತ ಕ್ಯಾಮೆರಾಗಳು ಇರುತ್ತವೆ: ರಷ್ಯಾದ ಝೋರ್ಕಿ, ಜಪಾನಿನ ಯಾಶಿಕಾ. ಝೋರ್ಕಿಯನ್ನು ಕೈಯಲ್ಲಿ ಹಿಡಿದರೆ ಬಾಗಿಲ ಚಿಲಕ ಹಿಡಿದಂತಿರುತ್ತದೆ. ಅಂಚು ಒರಟು, ರೀಲು ಸುತ್ತುವಾಗ ಉಸುಕು ತುಳಿದ ಸದ್ದು. ರೀಲು ಸುತ್ತಿದ ಮೇಲೆಯೇ ವೇಗದ ಗುಂಡಿಯನ್ನು ತಿರುಗಿಸಬೇಕು, ಮೊದಲು ತಿರುಗಿಸಿದರೆ ಒಳಗಿನ ಹಲ್ಲು ಮುರಿಯಬಹುದು. "ಸಿಟ್ಟಿನ ಎತ್ತ ಇದ್ದಂಗ ಇದು, ಯಾವ ಕಡೆಯಿಂದ ಹೋಗಬೇಕು ಅಂತ ತಿಳಕೊಂಡ ಹೋದ್ರ ಜನ್ಮ ಪೂರ್ತಿ ದುಡೀತೈತಿ" ಎಂದು ಆತ ಹೇಳುತ್ತಾನೆ. ಯಾಶಿಕಾ ನಯವಾದದ್ದು. ಉಂಗುರ ಬೆರಳ ತುದಿಗೆ ತಿರುಗುತ್ತದೆ, ಗುಂಡಿ ಒತ್ತಿದ್ದು ಪಕ್ಕದವರಿಗೂ ಕೇಳುವುದಿಲ್ಲ. ಆದರೆ ಬ್ಯಾಟರಿ ಮುಗಿದ ದಿನ ಒಂದೇ ವೇಗ ಹಿಡಿದು ಕೂರುತ್ತದೆ. "ಶ್ಯಾಣಿ ಸೊಸಿ. ತವರಿನಿಂದ ಫೋನ್ ಬರೂದು ನಿಂತ್ರ ಕೆಲಸಾನೂ ನಿಲ್ಲತೈತಿ."

ಈ ಎರಡರ ಎದುರಿಗೆ ಪ್ರತಿ ಗುರುವಾರ ಮೂರನೆಯದೊಂದು ಬಂದು ಕೂರುತ್ತಿತ್ತು. ಅದು ಮನಗೂಳಿಯ ಬಸಂತರಾಯ ಗೌಡರ ಲೈಕಾ. ಜರ್ಮನಿಯದು, ಅವರ ತಂದೆಯ ಕಾಲದ್ದು. ಗೌಡರಿಗೆ ಎಪ್ಪತ್ತೆಂಟು ವಯಸ್ಸು, ನೂರು ಎಕರೆ ಹೊಲ, ಮತ್ತು ತಮ್ಮ ಮಾತನ್ನು ಅರ್ಧದಲ್ಲಿ ಯಾರೂ ತಡೆಯಬಾರದೆಂಬ ನಿಯಮ. ಮೂವತ್ತು ವರ್ಷಗಳಿಂದ ಇಬ್ಬರೂ ಮೂರು ಕ್ಯಾಮೆರಾಗಳನ್ನು ಸಾಲಾಗಿ ಇಟ್ಟುಕೊಂಡು, ಒಂದನ್ನು ಇಟ್ಟು ಒಂದನ್ನು ಎತ್ತಿ, ಚಹಾ ಆರಿಸಿಕೊಂಡು ವಾದಿಸಿದ್ದಾರೆ.

"ಅಮಸಿದ್ದಾ, ನಿನ್ನ ಝೋರ್ಕಿ ತೂಕ ಐತಿ, ಖರೆ. ತೂಕ ಕಲ್ಲಿಗೂ ಇರತೈತಿ."

"ಕಲ್ಲ ಬಿದ್ರ ಒಡಿಯೂದಿಲ್ರಿ ಗೌಡ್ರ. ಇದೂ ಜೀಪಿನಿಂದ ಬಿದ್ದು ಎದ್ದೈತಿ."

"ಬಿದ್ದದ್ದನ್ನ ಹೇಳಬ್ಯಾಡ. ಇದನ್ನ ತಿರುವಿ ನೋಡು." ಗೌಡರು ಲೈಕಾದ ಉಂಗುರಕ್ಕೆ ಬೆರಳಿಟ್ಟು ಕಣ್ಣು ಮುಚ್ಚುತ್ತಿದ್ದರು. "ಎಲ್ಲೂ ತಡಿಯೂದಿಲ್ಲ, ಎಲ್ಲೂ ಜಾರೂದಿಲ್ಲ. ತುಪ್ಪದಾಗ ಚಮಚ ತಿರುವಿದಂಗ. ಜರ್ಮನಿಯವರ ಕೈ ಅಂದ್ರ ಇದು."

ಅಮಸಿದ್ದಣ್ಣ ಲೈಕಾದ ಉಳಿದ ಗುಣಗಳನ್ನೆಲ್ಲ ಧಾರಾಳವಾಗಿ ಒಪ್ಪುತ್ತಿದ್ದ. ಹಿತ್ತಾಳೆಯ ತಂಪು, ಮರದ ಪೆಟ್ಟಿಗೆಯ ಮೇಲೆ ಒಂದೇ ಬೆರಳಿನಿಂದ ತಟ್ಟಿದಂಥ ಗುಂಡಿಯ ಸದ್ದು, ಒಂದು ಸ್ಕ್ರೂ ಕೂಡ ಅನವಶ್ಯಕವಾಗಿ ಕಾಣದ ರಚನೆ, ಎಲ್ಲವನ್ನೂ ಹೊಗಳುತ್ತಿದ್ದ. ಉಂಗುರದ ಮಾತು ಬಂದಾಗ ಮಾತ್ರ ಚಹಾದ ಕಪ್ಪು ತೊಳೆಯಲು ಎದ್ದು ಹೋಗುತ್ತಿದ್ದ.

ಕಾರಣವನ್ನು ಆತನ ಹೆಂಡತಿ ಲಕ್ಕವ್ವ ಒಬ್ಬಳೇ ಬಲ್ಲವಳಾಗಿದ್ದಳು. ತಗಡಿನ ಮೂಲಕ ನಾನೂ ಬಲ್ಲೆ.

ಸಾವಿರದ ಒಂಬೈನೂರ ತೊಂಬತ್ನಾಲ್ಕರ ಬೇಸಿಗೆಯಲ್ಲಿ ಗೌಡರ ಕಿರಿಯ ಮಗಳ ಮದುವೆಗೆ ಒಂದು ದಿನ ಮೊದಲು ಲೈಕಾದ ಉಂಗುರಕ್ಕೆ ಧೂಳು ಹೊಕ್ಕು ಕರಕರ ಎನ್ನತೊಡಗಿತು. ಸಂಜೆಯೊಳಗೆ ಸರಿಯಾಗಬೇಕೆಂದು ಗೌಡರು ಆಳಿನ ಕೈಯಲ್ಲಿ ಕಳಿಸಿದರು. ಅಮಸಿದ್ದಣ್ಣ ಉಂಗುರವನ್ನು ಬಿಚ್ಚಿ, ಒಳಗಿನ ಹಿತ್ತಾಳೆಯ ತಿರುಪನ್ನು ತೊಳೆದು ಒಣಗಿಸಿದ. ಆಮೇಲೆ ನೋಡಿದರೆ ಪುಣೆಯಿಂದ ತರಿಸಿದ ಗ್ರೀಸಿನ ಡಬ್ಬಿ ಖಾಲಿ. ಹೊಲಿಗೆ ಯಂತ್ರದ ಎಣ್ಣೆ ತೀರ ತೆಳುವು, ಮಸೂರದ ಗಾಜಿಗೆ ಹರಿಯುತ್ತದೆ. ಮನೆಯ ಗೋಡೆಯ ಮಾಡದಲ್ಲಿ ಆತನ ತಾಯಿ ರೇವವ್ವನ ಡಬ್ಬಿ ಇತ್ತು. ಹಸಿ ಉಣ್ಣೆಯನ್ನು ಉಪ್ಪುನೀರಿನಲ್ಲಿ ಕುದಿಸಿ, ಆರಿದ ಮೇಲೆ ತೇಲುವ ಜಿಡ್ಡನ್ನು ಆಕೆ ತೆಗೆದಿಡುತ್ತಿದ್ದಳು. ಒಡೆದ ಹಿಮ್ಮಡಿಗೆ ಅದೇ ಮದ್ದು, ಉಣ್ಣೆ ಕತ್ತರಿಸುವ ಕತ್ತರಿಗೆ ತುಕ್ಕು ಹಿಡಿಯದಂತೆ ಬಳಿಯುವುದೂ ಅದೇ. ನಾಲ್ಕು ತಲೆಮಾರಿನ ಕತ್ತರಿಗೆ ಒಪ್ಪಿದ್ದು ಕ್ಯಾಮೆರಾಕ್ಕೆ ಒಂದು ದಿನದ ಮಟ್ಟಿಗೆ ಒಪ್ಪೀತು ಎಂದುಕೊಂಡು ಆತ ತಿರುಪಿಗೆ ಕುರಿಯ ಜಿಡ್ಡನ್ನು ಸವರಿದ. ಮದುವೆ ಮುಗಿದ ಕೂಡಲೆ ತೊಳೆದು ಸರಿಯಾದ ಗ್ರೀಸು ಹಾಕುವುದೆಂದು ನಿಶ್ಚಯಿಸಿಕೊಂಡಿದ್ದ.

ಮದುವೆ ಮುಗಿದ ಮೇಲೆ ಗೌಡರು ಬಂದು ಹೇಳಿದ್ದು ಒಂದೇ ಮಾತು: "ಏನ ತೊಳದೀಯೋ ಮಾರಾಯ, ಜರ್ಮನಿಯವರ ಖರೇ ಕೈ ಈಗ ಹೊರಗ ಬಂತು. ತುಪ್ಪ, ತುಪ್ಪ."

ಗೌಡರ ಮಾತನ್ನು ಅರ್ಧದಲ್ಲಿ ತಡೆಯುವಂತಿಲ್ಲ ಎಂದೆನಲ್ಲ. ಆ ಮಾತು ಮೂವತ್ತು ವರ್ಷ ಮುಗಿಯಲೇ ಇಲ್ಲ. ತುಪ್ಪ ಚಳಿಗೆ ಹೆಪ್ಪುಗಟ್ಟುತ್ತದೆ ಎಂಬುದನ್ನು ಹೋಲಿಕೆ ಕೊಟ್ಟವರೂ ಯೋಚಿಸಲಿಲ್ಲ, ಕೇಳಿದವನೂ ನೆನಪಿಸಲಿಲ್ಲ. ಪೂಜೆ, ಉಪಾಹಾರ ಮುಗಿಸಿ ಹತ್ತು ಗಂಟೆಗೆ ಮೊದಲು ಗೌಡರು ಎಂದೂ ಹೊರಬಿದ್ದವರಲ್ಲವಾದ್ದರಿಂದ ಚಳಿಗೂ ಆ ಕ್ಯಾಮೆರಾಕ್ಕೂ ಭೇಟಿಯೇ ಆಗಲಿಲ್ಲ.

ಭೇಟಿ ಮಾಡಿಸಿದವಳು ಅವರ ಮೊಮ್ಮಗಳು ಭಾಗ್ಯಜ್ಯೋತಿ. ಬಸವನ ಬಾಗೇವಾಡಿಯ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು. ಕಳೆದ ದೀಪಾವಳಿಗೆ ಗೌಡರು ಲೈಕಾವನ್ನು ಅವಳ ಕೈಗಿಟ್ಟರು. ಜನವರಿಯ ಒಂದು ಶುಕ್ರವಾರ ಅವಳು ನೇರವಾಗಿ ಅಮಸಿದ್ದಣ್ಣನ ಅಂಗಡಿಗೆ ಬಂದು ಕ್ಯಾಮೆರಾವನ್ನು ಮೇಜಿನ ಮೇಲಿಟ್ಟಳು.

"ಕಾಕಾ, ಇಂಡಿ ಕಡೆ ನಿಂಬಿ ತೋಟಕ್ಕ ಹೋಗಿದ್ದೆ. ಬೆಳಿಗ್ಗೆ ಏಳಕ್ಕ ಹೆಣ್ಮಕ್ಕಳು ಕಾಯಿ ಹರಿಯೂದು ತೆಗೀಬೇಕಂತ. ಉಂಗುರ ತಿರುಗಲಿಲ್ರಿ. ಎರಡೂ ಕೈಲೇ ತಿರುವಿದೆ. ಬಿಸಲು ಬೀಳೂ ಮಟಾ ಕಲ್ಲ ಆಗಿತ್ತು. ಆಮ್ಯಾಲ ತಾನ ಸಡಲ ಆತು. ಅಷ್ಟರಾಗ ಅವರು ಕಾಯಿ ತುಂಬಿ ಗಾಡಿ ಏರಿಸಿದ್ರು."

"ಮುತ್ಯಾಗ ಹೇಳಿಯೇನು?"

"ಹೇಳಿದೆ. ನಿನ್ನ ಕೈಯಾಗ ಬಲ ಇಲ್ಲ ಅಂದ." ಅವಳು ನಕ್ಕಳು. "ಸೋಮವಾರ ಇದನ್ನ ಮುಂಬೈಗೆ ಕಳಸ್ತೇನಿ. ಅಲ್ಲೊಬ್ರು ಲೈಕಾ ಅಷ್ಟ ಮಾಡ್ತಾರಂತ, ಪೂರ್ತಿ ಬಿಚ್ಚಿ, ಒಳಗ ಏನ ಏನ ಸಿಕ್ತು ಅಂತ ಫೋಟೋ ತಗದು ಕಳಸ್ತಾರಂತ. ನೀವ ಮಾಡ್ತೀರಿ ಅಂದ್ರ ನಿಮ್ಮ ಕಡೇನ ಬಿಡ್ತೇನಿ. ಏನಾಗೈತ್ರಿ ಇದಕ್ಕ?"

ಅಮಸಿದ್ದಣ್ಣ ಲೈಕಾವನ್ನು ಎತ್ತಿಕೊಂಡು ಉಂಗುರಕ್ಕೆ ಬೆರಳಿಟ್ಟ. ಬಿಜಾಪುರದಿಂದ ಝಳಕಿಯವರೆಗೆ ಸ್ಟುಡಿಯೋದವರು ಆತನಿಗೆ ಕ್ಯಾಮೆರಾ ಕೊಡುವುದು ಒಂದೇ ನಂಬಿಕೆಯ ಮೇಲೆ: ಆ ಕೈ ಸುಳ್ಳು ಹೇಳುವುದಿಲ್ಲ. ಮುಂಬೈಗೆ ಕಳಿಸಿದರೆ ಕುರಿಯ ಜಿಡ್ಡು ಫೋಟೋ ಸಮೇತ ಮನಗೂಳಿಗೆ ಹಿಂದಿರುಗುತ್ತದೆ. ತಾನೇ ತೊಳೆದರೆ ಉಂಗುರ ಹಗುರಾಗುತ್ತದೆ. ಮುಟ್ಟಿದ ಕೂಡಲೆ ಗೌಡರಿಗೆ ತಿಳಿಯುತ್ತದೆ, ಲೈಕಾವನ್ನು ಕೆಡಿಸಿದವನು ಅಮಸಿದ್ದ ಎಂದಾಗುತ್ತದೆ.

"ಭಾನುವಾರ ಮುತ್ಯಾನ್ನ ಕರಕೊಂಡ ಬಾ ಯವ್ವಾ" ಎಂದಷ್ಟೇ ಹೇಳಿ ಕಳಿಸಿದ.

ಅವಳು ಹೋದ ಮೇಲೆ ಲಕ್ಕವ್ವನ ಧ್ವನಿ ಕೇಳಿಸಿತು.

"ಹಳೇದಾಗೈತ್ರಿ, ಸವದೈತಿ ಅಂದ್ರ ಮುಗೀತಲ್ಲ."

"ಲೈಕಾ ಸವಿಯೂದಿಲ್ಲ ಅಂತ ಮೂವತ್ತು ವರ್ಷ ಹೇಳೇನಿ."

"ಹಂಗಾರ ಮೂವತ್ತು ವರ್ಷ ಸುಮ್ಮನಿದ್ದಂಗ ಈಗೂ ಸುಮ್ಮನಿರ್ರಿ. ಸುಮ್ಮನಿರೂದು ಬ್ಯಾರೆ, ಸುಳ್ಳು ಬ್ಯಾರೆ ಅಂತ ನೀವ ಹೇಳ್ತಿದ್ರಿ."

"ಹೇಳ್ತಿದ್ದೆ" ಎಂದ ಅಮಸಿದ್ದಣ್ಣ. "ಅವತ್ತ ಯಾರೂ ಕೇಳಿರಲಿಲ್ಲ. ಇವತ್ತ ಆ ಹುಡುಗಿ ಕೇಳಿದ್ಲು."

ಈ ಉತ್ತರವನ್ನು ನಾನು ಮೆಚ್ಚಿದೆ. ಮೂವತ್ತು ವರ್ಷ ತಡವಾಗಿತ್ತು ಎಂಬುದನ್ನೂ ಬಿಡದೆ ಹೇಳುತ್ತೇನೆ.

ಭಾನುವಾರ ಮುತ್ಯಾ, ಮೊಮ್ಮಗಳು ಇಬ್ಬರೂ ಬಂದರು. ಗೌಡರು ಕೂರುವ ಮೊದಲೇ ಆರಂಭಿಸಿದರು. "ನೋಡಪಾ, ಈಕಿಗೆ ಜರ್ಮನಿ ತಿರುವು ಅಂದ್ರೇನು ತಿಳಸು. ಮೊಬೈಲ್ ಒತ್ತಿ ಒತ್ತಿ ಇವರ ಬೆರಳು ಸತ್ತಾವ."

"ಗೌಡ್ರ, ಕಣ್ಣ ಮುಚ್ಚರಿ."

"ಯಾಕ?"

"ಮುಚ್ಚರಿ. ಬೆರಳ ಕೊಡ್ರಿ."

ಗೌಡರು ಕಣ್ಣು ಮುಚ್ಚಿದರು. ಅಮಸಿದ್ದಣ್ಣ ರೇವವ್ವನ ಡಬ್ಬಿಯಿಂದ ಉಗುರಿನಷ್ಟು ಜಿಡ್ಡನ್ನು ತೆಗೆದು ಅವರ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟ. "ತಿಕ್ಕಿ ನೋಡ್ರಿ. ಇದು ಏನಂತ ಹೇಳ್ರಿ."

ಗೌಡರು ಮೆಲ್ಲಗೆ ತಿಕ್ಕಿದರು. ಎರಡು ಸಲ, ಮೂರು ಸಲ. ಮುಖ ಅರಳಿತು.

"ಇದು ನನ್ನ ಲೈಕಾ."

"ಹೌದ್ರಿ."

"ಎಲ್ಲೂ ತಡಿಯೂದಿಲ್ಲ, ಎಲ್ಲೂ ಜಾರೂದಿಲ್ಲ. ಎಲ್ಲಿ ಸಿಕ್ಕಿತು ನಿನಗ ಇದು? ಜರ್ಮನಿಯಿಂದ ತರಿಸಿದಿ?"

"ಕುರಿ ಮೈಯಿಂದ ಬಂದದ್ದರಿ. ನಮ್ಮವ್ವ ಕುದಿಸಿ ಇಟ್ಟದ್ದು. ನಿಮ್ಮ ಮಗಳ ಮದವಿ ಮುಂದ ಗ್ರೀಸ ಮುಗದಿತ್ತು, ಇದನ್ನ ಹಚ್ಚಿದೆ. ಮದವಿ ಆದ ಮ್ಯಾಲ ತಗೀಬೇಕಂತ ಮಾಡಿದ್ದೆ. ನೀವು ಹೊಗಳಿದ್ರಿ. ಹೇಳೂದ ಬಿಟ್ಟೆ. ಚಳ್ಯಾಗ ಇದ ಬಿಗಿತೈತಿ. ಭಾಗ್ಯಜ್ಯೋತಿ ಕೈಯಾಗ ಬಲ ಐತ್ರಿ, ತಪ್ಪು ನಂದು."

ಗೌಡರು ಕಣ್ಣು ತೆರೆದರು. ಬೆರಳನ್ನು ಮೂಗಿನ ಹತ್ತಿರ ಒಯ್ದು ವಾಸನೆ ನೋಡಿದರು. ಮೊಮ್ಮಗಳು ಬಾಗಿಲ ಕಡೆ ಮುಖ ತಿರುಗಿಸಿಕೊಂಡು ನಿಂತಳು. ಅವಳ ಭುಜ ನಗೆಗೆ ಅಲುಗುತ್ತಿತ್ತಂತೆ, ಲಕ್ಕವ್ವ ಆಮೇಲೆ ಹೇಳಿದ್ದು. ಗೌಡರು ಧೋತರದ ಅಂಚಿಗೆ ಬೆರಳು ಒರೆಸಿದರು.

"ತೊಳಿ" ಎಂದು ಎದ್ದು ಹೋದರು. ಚಹಾ ಕುಡಿಯಲಿಲ್ಲ.

ಮಾರನೆಯ ದಿನವೇ ಅಮಸಿದ್ದಣ್ಣ ಉಂಗುರವನ್ನು ಬಿಚ್ಚಿದ. ಒಳಗಿನ ಜಿಡ್ಡು ಬೆಲ್ಲದ ಪಾಕದಂತೆ ಕಂದು ಬಣ್ಣಕ್ಕೆ ತಿರುಗಿತ್ತು. ಹಿತ್ತಾಳೆಯ ತಿರುಪಿನ ಒಂದೊಂದು ಎಳೆಯನ್ನೂ ತೊಳೆದು, ಪುಣೆಯ ಗ್ರೀಸನ್ನು ಹಲ್ಲುಕಡ್ಡಿಯ ತುದಿಯಿಂದ ಸವರಿ, ಗುರುತಿನ ಗೆರೆಗೆ ಗೆರೆ ಕೂಡಿಸಿದ. ಭಾಗ್ಯಜ್ಯೋತಿ ಕ್ಯಾಮೆರಾವನ್ನು ಒಯ್ದಳು. ಬೆಳಗಿನ ಏಳಕ್ಕೂ ಒಂದೇ ಬೆರಳಿಗೆ ತಿರುಗುತ್ತಿದೆ ಎಂದು ಇಂಡಿಯ ನಿಂಬೆ ತೋಟದಿಂದಲೇ ಫೋನು ಮಾಡಿದಳು.

ಗೌಡರು ಮಾತ್ರ ಆ ಗುರುವಾರ ಬರಲಿಲ್ಲ. ಮುಂದಿನ ಗುರುವಾರವೂ ಇಲ್ಲ. ಅಮಸಿದ್ದಣ್ಣ ಝೋರ್ಕಿಯನ್ನೂ ಯಾಶಿಕಾವನ್ನೂ ಕಪಾಟಿನೊಳಗೆ ಇಟ್ಟುಬಿಟ್ಟ. ಗಾಜು ಒಡೆದ ಮೊಬೈಲುಗಳೊಂದಿಗೆ ವಾದಿಸಲು ಏನಿದೆ.

ಅಷ್ಟರಲ್ಲಿ ಮನಗೂಳಿಯಿಂದ ವಿಚಿತ್ರ ಗಿರಾಕಿಗಳು ಬರತೊಡಗಿದರು. ಒಬ್ಬ ಟೇಬಲ್ ಫ್ಯಾನು ಹೊತ್ತು ತಂದ. ಇನ್ನೊಬ್ಬ ರೊಟ್ಟಿ ಮಶೀನಿನ ಗಾಲಿಯನ್ನು. ನಾಲತವಾಡಕ್ಕೆ ಮದುವೆಯಾಗಿ ಹೋಗಿದ್ದ ಹೆಣ್ಣುಮಗಳೊಬ್ಬಳು ಕಿರುಗುಟ್ಟುವ ತೊಟ್ಟಿಲ ಕೊಂಡಿಯನ್ನು ಬಸ್ಸಿನಲ್ಲಿ ತಂದಿದ್ದಳು. ಎಲ್ಲರ ಬೇಡಿಕೆಯೂ ಒಂದೇ: ಕುರಿಯ ಜಿಡ್ಡು ಹಚ್ಚಿಕೊಡಬೇಕು.

"ಯಾರ ಹೇಳಿದ್ರು ನಿಮಗ?" ಎಂದು ಅಮಸಿದ್ದಣ್ಣ ಕೇಳಿದ.

"ಗೌಡ್ರ. ಜರ್ಮನಿಯವರಿಗೂ ತಿಳೀಲಾರದ ಜಿಡ್ಡು ಸಿಂದಗಿ ಅಮಸಿದ್ದಗ ತಿಳದೈತಿ ಅಂತ ಊರ ತುಂಬ ಹೇಳಾಕತ್ತಾರ."

ಆತ ಒಬ್ಬರಿಗೂ ಹಚ್ಚಲಿಲ್ಲ. ತೊಟ್ಟಿಲ ಕೊಂಡಿಗೆ ಕೊಬ್ಬರಿ ಎಣ್ಣೆ ಸಾಕೆಂದು ಹೇಳಿ ಕಳಿಸಿದ.

ಮೂರನೆಯ ಗುರುವಾರ ಹನ್ನೊಂದು ಗಂಟೆಗೆ ಗೌಡರ ಜೀಪು ನಿಂತಿತು. ಹಿಂದೆ ಮೊಮ್ಮಗಳು, ಅವಳ ಕೊರಳಲ್ಲಿ ಲೈಕಾ.

"ಗೌಡ್ರ, ಅದು ನನ್ನ ತಪ್ಪರಿ. ನೀವು ಅದನ್ನ ಊರಾಗ ಹಾಡಿ ಹೊಗಳಿದ್ರ ನಾ ಏನ ಮಾಡ್ಲಿ? ಫ್ಯಾನ ತರಾಕತ್ತಾರ ಮಂದಿ."

"ತಪ್ಪ ಮಾಡಿದ್ದು ನೀನು, ಒಂದು ಸಂಜಿ" ಎಂದರು ಗೌಡರು ಕೂರುತ್ತ. "ಅದನ್ನ ಹೊಗಳಿದ್ದು ನಾನು, ಮೂವತ್ತು ವರ್ಷ. ಯಾರದು ದೊಡ್ಡದು ಹೇಳು. ಮಂದಿ ಬ್ಯಾರೆ ಕಡೆಯಿಂದ ಕೇಳಿ ನಗೂಕಿಂತ ನಾನ ಮೊದಲ ಹೇಳಿಬಿಟ್ಟೆ. ನಾ ಹೇಳಿದ್ರ ಯಾರೂ ನಗೂದಿಲ್ಲ."

"ನಕ್ರು ಮುತ್ಯಾ" ಎಂದಳು ಭಾಗ್ಯಜ್ಯೋತಿ.

"ನನ್ನ ಮುಂದ ನಗಲಿಲ್ಲ." ಗೌಡರು ಅವಳ ಕೊರಳಿನಿಂದ ಲೈಕಾವನ್ನು ತೆಗೆಸಿ ಉಂಗುರವನ್ನು ತಿರುಗಿಸಿದರು. ಅದು ನೀರಿನಲ್ಲಿ ಬೆರಳಾಡಿಸಿದಂತೆ ಹಗುರಾಗಿ ತಿರುಗಿತು. "ಇದೇನು ಖರೇ ಜರ್ಮನಿ?"

"ಇದ ನೋಡ್ರಿ."

"ಸೇರಲಿಲ್ಲ ನನಗ." ಅದನ್ನು ಮೊಮ್ಮಗಳಿಗೆ ಹಿಂದಿರುಗಿಸಿದರು. "ಆಕಿಗೆ ಸೇರೇತಿ, ಇರಲಿ."

ಆಮೇಲೆ ಅವರು ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಹಳೆಯ ದುರ್ಬೀನನ್ನು ತೆಗೆದು ಮೇಜಿನ ಮೇಲಿಟ್ಟರು. ಅವರ ತಂದೆ ಹೊಲದ ಮೇಲೆ ನಿಗಾ ಇಡಲು ಬಳಸುತ್ತಿದ್ದದ್ದು. ನಡುವಿನ ಗಾಲಿ ಬಿಗಿಯಾಗಿ ಹಿಡಿದುಕೊಂಡಿತ್ತು.

"ಬಿಚ್ಚು. ಏನ ಹಚ್ಚತೀ ಅಂತ ಮೊದಲ ಚೀಟಿ ಬರದು ಕೊಡು."

ಅಮಸಿದ್ದಣ್ಣ ಚೀಟಿಯ ಮೇಲೆ "ಪುಣೆ ಗ್ರೀಸು" ಎಂದು ಬರೆದು, ದಿನಾಂಕ ಹಾಕಿ, ಕೆಳಗೆ ಸಹಿ ಮಾಡಿದ. ಗೌಡರು ಕನ್ನಡಕ ಏರಿಸಿ ಎರಡು ಸಲ ಓದಿ, ಮಡಚಿ ಅಂಗಿಯ ಮೇಲಿನ ಕಿಸೆಗೆ ಇಟ್ಟುಕೊಂಡು, ಚಹಾ ತರಿಸು ಎಂದರು.