ಬಲಗಿವಿಯ ಪೆನ್ಸಿಲು

ಹೋದ ವಾರ ಮೊಮ್ಮಗಳು ಒಂದು ಮರದ ತುಂಡನ್ನು ತಂದು ನನ್ನ ಮೂಗಿಗೆ ಹಿಡಿದಳು. ಕಣ್ಣು ಮುಚ್ಚಿಕೊಂಡು ಯಾವ ಮರ ಎಂದು ಹೇಳಬೇಕಂತೆ. ಕಣ್ಣು ಮುಚ್ಚಿದರೇನು, ತೆರೆದರೇನು. ಆಗಷ್ಟೇ ಕೊಯ್ದ ಹಲಸಿನ ಹಲಗೆಗೆ ಒಂದು ವಾಸನೆ ಉಂಟು. ಹಣ್ಣಿನ ವಾಸನೆಯಲ್ಲ, ಹಣ್ಣು ತಿಂದು ಕೈ ತೊಳೆದ ಮೇಲೂ ಬೆರಳಿನ ಸಂದಿಯಲ್ಲಿ ಉಳಿಯುತ್ತದಲ್ಲ, ಅಂಥದ್ದು. ಅದು ಮೂಗಿಗೆ ಹೋದದ್ದೇ ತಡ, ನನಗೆ ನಗು ಬಂತು.

"ಎಂತಕ್ಕೆ ನಗುದು ಅಜ್ಜಿ?" ಎಂದಳು. ಆಗ ಹೇಳಲಿಲ್ಲ. ಫೋನಿನಲ್ಲಿ ಕನ್ನಡ ಒತ್ತುವುದನ್ನು ಅವಳೇ ಕಲಿಸಿದ್ದಾಳೆ. ಬರೆದೇ ಹೇಳುತ್ತೇನೆ, ಓದಿಕೊಳ್ಳಲಿ.

ಈ ಹುಡುಗಿ ಮಣಿಪಾಲದಲ್ಲಿ ಕೆಲಸ ಮಾಡುತ್ತಾಳೆ, ಅಲೆವೂರಿನಲ್ಲಿ ಬಾಡಿಗೆ ಮನೆ. ಆರು ತಿಂಗಳಿಂದ ಅದರ ತಾರಸಿಯಲ್ಲಿ ಗರಗಸ, ಉಳಿ ಹಿಡಿದುಕೊಂಡು ಕೂತಿದ್ದಾಳೆ. ತನ್ನ ಕೈಯಾರೆ ಒಂದು ಕುರ್ಚಿ ಮಾಡಬೇಕೆಂದು ಆಸೆ. ಆದರೆ ಮರ ಸಿಗುವುದಿಲ್ಲ. ಸಿಕ್ಕಿದ್ದೆಲ್ಲ ಉಜ್ಜಿ ಹೊಳಪು ಕೊಟ್ಟ ಹಲಗೆ, ಇಲ್ಲವಾದರೆ ಪ್ಲೈವುಡ್ಡು. ಕೊಯ್ದ ಹಾಗೇ ಇರುವ ಒರಟು ಗಟ್ಟಿ ಮರ ಕೊಡಿ ಎಂದರೆ, ಹುಡುಗಿಗೆ ಎಂತ ಗೊತ್ತುಂಟು ಎಂದು ಬಾಯಿಗೆ ಬಂದ ರೇಟು. ಈ ಸಣ್ಣ ತುಂಡಿಗೆ ಅವಳು ಕೊಟ್ಟ ದುಡ್ಡು ಕೇಳಿ ನನ್ನ ಹೊಟ್ಟೆ ಉರಿಯಿತು. ಆಮೇಲೆ ಆಚಾರ್ರ ನೆನಪಾಯಿತು…

ಕಾಪುವಿನಲ್ಲಿ ನಮ್ಮ ಪಕ್ಕದ ಮನೆಯ ಬಡಗಿ ಅವರು. ಪ್ರಾಯದಲ್ಲಿ ದೋಣಿ ಕಟ್ಟುತ್ತಿದ್ದರು. ದೋಣಿಗಳೆಲ್ಲ ಫೈಬರಿನದ್ದಾದ ಮೇಲೆ ಬಾಗಿಲು, ಕಿಟಕಿ, ಮಂಚ. ಮರದ ವಿಷಯದಲ್ಲಿ ಅವರ ಕಣ್ಣು ತಪ್ಪಿದ್ದನ್ನು ನಾನು ನೋಡಿಲ್ಲ. ನಾನು ಬಂಗುಡೆ ಮೀನಿನ ಕಿವಿರು ಎತ್ತಿ ನೋಡುವ ಹಾಗೆ ಅವರು ಹಲಗೆಯ ತುದಿ ನೋಡುತ್ತಿದ್ದರು. ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದರು. ಒಣಗಿದ ಮರ ಟಣ್ ಎನ್ನಬೇಕು, ಹಸಿ ಮರ ಡಬ್ ಎನ್ನುತ್ತದೆ. ಅಂಚಿನ ಬಿಳಿ ಭಾಗಕ್ಕೆ ಹುಳ ಬೀಳುತ್ತದೆ, ಅದಕ್ಕೆ ದುಡ್ಡು ಕೊಡಬಾರದು. ನಡುವಿನ ಹಳದಿ ತಿರುಳೇ ಮರ. ಇಷ್ಟೆಲ್ಲ ಗೊತ್ತಿದ್ದ ಮನುಷ್ಯನಿಗೆ ಒಂದೇ ಒಂದು ರೋಗ. ಒಳ್ಳೆಯ ಮರ ಕಂಡರೆ ಮುಖ ಅರಳಿಬಿಡುತ್ತಿತ್ತು. ಕರುವಿನ ಬೆನ್ನು ಸವರಿದ ಹಾಗೆ ಹಲಗೆ ಸವರಿಕೊಂಡು ನಿಂತುಬಿಡುತ್ತಿದ್ದರು. ಅದನ್ನು ನೋಡಿದ ಯಾವ ವ್ಯಾಪಾರಿ ರೇಟು ಏರಿಸದೆ ಬಿಡುತ್ತಾನೆ?

ನನಗೆ ಆಗ ಒಂದು ಕುರ್ಚಿ ಬೇಕಿತ್ತು. ಕೈ ಇರುವ ಕುರ್ಚಿ. ಬೆಳಿಗ್ಗೆಯಿಂದ ಮೀನು ಮಾರ್ಕೆಟಿನಲ್ಲಿ ಗೇಣೆತ್ತರದ ಮಣೆಯ ಮೇಲೆ ಕೂತು, ಬಂದವರ ಮೊಣಕಾಲಿನ ಹತ್ತಿರ ಮುಖವಿಟ್ಟು ಮಾತಾಡುವವಳು ನಾನು. ಮನೆಯಲ್ಲಿ ಕೈ ಇರುವ ಕುರ್ಚಿ ಇದ್ದದ್ದು ಒಂದೇ, ಅದು ಮಾವನದ್ದು. ಅವರು ಇಲ್ಲದಾಗ ಅದರಲ್ಲಿ ಬೆಕ್ಕು ಮಲಗಬಹುದಿತ್ತು, ಸೊಸೆ ಕೂರುವ ಹಾಗಿರಲಿಲ್ಲ. ಸಂಜೆ ಅಂಗಳದಲ್ಲಿ ನನ್ನದೇ ಕುರ್ಚಿ ಹಾಕಿ, ಎರಡೂ ಕೈ ಮೇಲಿಟ್ಟು ಕೂರಬೇಕು… ಅದೊಂದೇ ಆಸೆ.

ಬೇಲಿಯ ಹತ್ತಿರ ಆಚಾರ್ರಿಗೆ ಹೇಳಿದೆ. ನಗಲಿಲ್ಲ ಅವರು. "ಮಾಡುವಾ ಅಕ್ಕ. ಮರ ಮಾತ್ರ ನೀವೇ ಚರ್ಚೆ ಮಾಡಿ, ರೇಟು ಇಳಿಸಿ ತೆಗೆಯಬೇಕು. ನಾನು ಬಾಯಿ ತೆರೆದರೆ ಕುರ್ಚಿಯ ದುಡ್ಡಿಗೆ ಮಣೆಯೂ ಬರ್ಲಿಕ್ಕಿಲ್ಲ" ಎಂದರು.

ಉಪಾಯ ನನ್ನದೇ. ಅವರು ಮರ ನೋಡುವುದು, ಮುಟ್ಟಬಾರದು, ನಗಬಾರದು. ಚೆನ್ನಾಗಿದ್ದರೆ ಪೆನ್ಸಿಲನ್ನು ಬಲಗಿವಿಗೆ ಸಿಕ್ಕಿಸುವುದು, ಇಲ್ಲವಾದರೆ ಎಡಗಿವಿಗೆ. ಮಾತೆಲ್ಲ ನನ್ನದು.

ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳದ ಒಂದು ಮರದ ಮಿಲ್ಲಿಗೆ ಹೋದೆವು. ಗೋಡೆಗೆ ಒರಗಿಸಿಟ್ಟ ಹಲಸಿನ ಹಲಗೆ, ಅರಸಿನ ಅರೆದ ಕಲ್ಲಿನ ಬಣ್ಣ. ತಿರುಗಿ ನೋಡಿದರೆ ಆಚಾರ್ರ ಪೆನ್ಸಿಲು ಬಲಗಿವಿಯಲ್ಲಿ. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ತುಟಿ ಕಚ್ಚಿಕೊಂಡು ನಿಂತಿದ್ದರು, ಪಾಪ.

"ಇದೆಂತದು ಬಿಳಿ ಬಿಳಿ? ಹುಳದ ಪಾಲಿಗೂ ನಾವೇ ದುಡ್ಡು ಕೊಡ್ಬೇಕಾ?" ಎಂದು ಶುರು ಮಾಡಿದೆ. ಮಿಲ್ಲಿನ ಧಣಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೀನಿನವರಾ ಎಂದು ಕೇಳಿದರು. ಬಿಳಿ ಭಾಗ ಬಿಟ್ಟು ಅಳತೆ ಹಾಕಲು ಒಪ್ಪಿದರು. ರೇಟು ಹೇಳಿದರು. ನಾನು ಅರ್ಧ ಕೇಳಿದೆ. ಅವರು ಸ್ವಲ್ಪ ಇಳಿದರು. ಆಚಾರ್ರು ಕೆಮ್ಮಿದರು. ಸಾಕು, ನ್ಯಾಯವೇ ಉಂಟು, ತೆಗೆಯಿರಿ ಎಂದು ಅದರ ಅರ್ಥ. ಆದರೆ ನಾನು ಮೀನಿನವಳು. "ಸಂಜೆವರೆಗೆ ಕೂರುವಾ ಆಚಾರ್ರೇ. ಸಂಜೆ ಆದ್ರೆ ತನ್ನಷ್ಟಕ್ಕೆ ಇಳೀತದೆ" ಎಂದೆ. ಚರ್ಚೆ ನನ್ನ ಇಲಾಖೆ ಎಂದು ಒಪ್ಪಿಕೊಂಡವರಲ್ಲವಾ, ಒಂದು ಮಾತು ಎದುರಾಡದೆ ಮಿಲ್ಲಿನ ಎದುರಿನ ಹೋಟೆಲಿನ ಬೆಂಚಿಗೆ ಬಂದು ಕೂತರು.

ಕೂತೆವು. ಚಾ ಕುಡಿದೆವು. ಗೋಳಿಬಜೆ ತಿಂದೆವು. ಮತ್ತೆ ಚಾ. ನಾಲ್ಕು ಗಂಟೆಗೆ ಮಣಿಪಾಲದ ಕಡೆಯ ಒಂದು ಜೀಪು ಬಂತು. ಇಳಿದವನು ಹಲಗೆ ನೋಡಿದ, ಹೇಳಿದಷ್ಟು ಕೊಟ್ಟ, ಅಷ್ಟನ್ನೂ ತುಂಬಿಸಿಕೊಂಡು ಹೋದ. ನಾನು ಎದ್ದು ಓಡುವಷ್ಟರಲ್ಲಿ ಅರಸಿನ ಬಣ್ಣ ರಸ್ತೆಯ ತಿರುವಿನಲ್ಲಿ ಮಾಯ.

"ಸಂಜೆಗೆ ಬರ್ತೇವೆ ಅಂತ ಕೂತಿದ್ದೆವಲ್ಲ!" ಎಂದು ಧಣಿಯ ಹತ್ತಿರ ಜಗಳಕ್ಕೇ ನಿಂತೆ.

"ಸಂಜೆಗೆ ಎಂತ ಆಗ್ತದೆ?"

"ರೇಟು ಇಳೀತದೆ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ನಗು ನಿಲ್ಲಿಸಲಿಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು. "ಅಕ್ಕ, ನನ್ನ ಮರ ಎಂತ ಬೂತಾಯಿ ಮೀನಾ, ಸಂಜೆಗೆ ವಾಸನೆ ಬರ್ಲಿಕ್ಕೆ? ಇಟ್ಟಷ್ಟು ಒಣಗ್ತದೆ, ಒಣಗಿದಷ್ಟು ರೇಟು ಮೇಲೆ ಹೋಗ್ತದೆ ಮಾರಾಯ್ರೆ!"

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆಚಾರ್ರ ಮುಖ ನೋಡುವ ಧೈರ್ಯವಿಲ್ಲ. ಒಂದು ದಿನದ ಕೆಲಸ ಬಿಟ್ಟು ಬಂದವರು ಅವರು. ನೋಡಿದರೆ, ಆ ಮನುಷ್ಯ ಅಲ್ಲಿರಲೇ ಇಲ್ಲ. ಮಿಲ್ಲಿನ ಬದಿಯಲ್ಲಿ, ಸೌದೆಗೆಂದು ರಾಶಿ ಹಾಕಿದ ಕಡೆ ನಿಂತಿದ್ದರು. ಪೆನ್ಸಿಲು ಬಲಗಿವಿಯಲ್ಲಿ.

ರಾಶಿಯಲ್ಲಿ ಹಲಸಿನದ್ದೇ ಒಂದು ದಪ್ಪ ಕೊಂಬೆ, ನಮ್ಮ ಮಾತಿನಲ್ಲಿ ಗೆಲ್ಲು, ಮೊಣಕೈ ಮಡಚಿದ ಹಾಗೆ ಬಾಗಿದ್ದು. ಸೊಟ್ಟ ಮರದಿಂದ ನೇರ ಹಲಗೆ ಬರುವುದಿಲ್ಲವೆಂದು ಒಲೆಗೆ ಬಿಟ್ಟಿದ್ದರು. "ಬೆಳಿಗ್ಗೆಯಿಂದ ಹೋಟೆಲಿನ ಬೆಂಚಿಂದ ಇದನ್ನೇ ನೋಡ್ತಿದ್ದೆ ಅಕ್ಕ. ದೋಣಿಯ ಪಕ್ಕೆಗೆ ಇಂಥದ್ದನ್ನೇ ಹುಡುಕುದು ನಾವು. ನಡುವಲ್ಲಿ ಸೀಳಿಸಿದ್ರೆ ಕುರ್ಚಿಗೆ ಎರಡು ಕೈ, ಒಂದೇ ಹೆರಿಗೆಯ ಅವಳಿ ಮಕ್ಕಳ ಹಾಗೆ. ಅಷ್ಟು ಹೊತ್ತು ಕೂರದಿದ್ರೆ ನಾನು ಇದನ್ನು ನೋಡ್ತಾನೇ ಇರ್ಲಿಲ್ಲ" ಎಂದು ಪಿಸುಗುಟ್ಟಿದರು. ನನ್ನ ಮರ್ಯಾದೆ ಉಳಿಸಲು ಹೇಳಿದ್ದೋ, ನಿಜವೋ… ಇವತ್ತಿಗೂ ಗೊತ್ತಿಲ್ಲ.

ನಾನು ಸೆರಗು ಸಿಕ್ಕಿಸಿಕೊಂಡೆ. ಧಣಿಯ ಹತ್ತಿರ ಹೋಗಿ, ಬಂದದ್ದಕ್ಕೆ ಒಲೆಗಾದರೂ ಆಗಲಿ, ಆ ಗೆಲ್ಲನ್ನೂ ಇನ್ನೆರಡು ತುಂಡನ್ನೂ ಸೌದೆಯ ರೇಟಿಗೆ ಕೊಡಿ ಎಂದು ಮುಖ ಸಪ್ಪೆ ಮಾಡಿದೆ. ಆಯಿತು ಎಂದರು. ದುಡ್ಡು ಕೊಟ್ಟೂ ಆಯಿತು. ಆಗ ಈ ಪುಣ್ಯಾತ್ಮ ಬಂದು, "ಧಣಿ, ಸುಳ್ಳು ಬೇಡ. ಇದು ಒಲೆಗಲ್ಲ, ಅಕ್ಕನ ಕುರ್ಚಿಗೆ. ನ್ಯಾಯಕ್ಕೆ ಎಷ್ಟಾಗ್ತದೆ ಅಷ್ಟು ಹೇಳಿ" ಎನ್ನಬೇಕಾ! ಚಿವುಟಿದೆ. ಅಷ್ಟರಲ್ಲಿ ಮಾತು ಬಾಯಿಂದ ಹೊರಟಿತ್ತು.

ಧಣಿ ನಕ್ಕರು. "ಗೊತ್ತುಂಟು ಆಚಾರ್ರೇ. ಸೌದೆಯನ್ನು ಯಾರಾದ್ರೂ ಹಾಗೆ ಸವರ್ತಾರಾ? ನನಗೆ ಅದು ಸೌದೆಯೇ, ರೇಟೂ ಸೌದೆಯದ್ದೇ. ನಿಮಗೆ ಅದರಲ್ಲಿ ಕುರ್ಚಿ ಕಂಡ್ರೆ ಅದು ನಿಮ್ಮ ಕಣ್ಣಿನ ಸಂಪಾದನೆ. ಆದ್ರೆ ಒಂದು, ಕುರ್ಚಿ ಆದ ಮೇಲೆ ನಾನೊಮ್ಮೆ ಬಂದು ಕೂರ್ತೇನೆ. ಅಕ್ಕ ಬಂಗುಡೆ ಪುಳಿಮುಂಚಿ ಮಾಡ್ಬೇಕು." ಗೆಲ್ಲನ್ನು ಅಲ್ಲೇ ಸೀಳಿಸಿ ಕೊಟ್ಟರು, ಸೀಳಿದ ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ.

ಬಸ್ಸಿನ ಮೇಲೆ ಮರ, ಒಳಗೆ ನಾವು. ಬೆಳ್ಮಣ್ಣಿನವರೆಗೆ ಆಚಾರ್ರು ಗಂಭೀರವಾಗಿ ಹೊರಗೆ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, "ಸಂಜೆಗೆ ಇಳೀತದೆ…" ಎಂದರು. ಅಷ್ಟೇ. ನಕ್ಕದ್ದು ನಕ್ಕದ್ದೇ. ಕಂಡಕ್ಟರು ಟಿಕೆಟು ಹರಿಯುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದ.

ಮರ ಒಣಗಲಿ ಎಂದು ಅಡುಗೆಮನೆಯ ಅಟ್ಟದಲ್ಲಿ, ಹೊಗೆಯಲ್ಲಿ, ಒಂದು ಮಳೆಗಾಲ ದಾಟಿಸಿ ಇಟ್ಟರು. ನಾನು ದಿನಾ ಬೇಲಿಯ ಹತ್ತಿರ "ಆಯ್ತಾ?" ಎಂದು ಕೇಳುವುದು. "ಇದು ಮೀನಲ್ಲ ಅಕ್ಕ" ಎಂದು ಅವರು ಹೇಳುವುದು. ಕೊನೆಗೆ ಒಂದು ಸಂಜೆ ಕುರ್ಚಿಯನ್ನು ಹೊತ್ತು ತಂದು ನಮ್ಮ ಅಂಗಳದ ನಡುವೆ, ಮಾವನ ಕುರ್ಚಿಯ ಎದುರಿಗೇ ಇಟ್ಟರು. ಕೂತೆ. ಕೈಗಳು ತಾವಾಗಿಯೇ ಅವಳಿ ಬಾಗುಗಳ ಮೇಲೆ ಹೋಗಿ ಕೂತವು. ಮಾವ ನೋಡಿದರು, ಕೆಮ್ಮಿದರು, ಪೇಪರು ಮುಖಕ್ಕೆ ಹಿಡಿದರು. ಬೆಕ್ಕು ಮಾತ್ರ ಆವತ್ತೇ ಪಕ್ಷ ಬದಲಿಸಿತು. ಧಣಿಯೂ ಹೇಳಿದ ಹಾಗೆ ಬಂದರು, ಕೂತರು, ನಾಲ್ಕು ಬಂಗುಡೆ ತಿಂದರು.

ಅರಸಿನದ ಬಣ್ಣದ ಆ ಕುರ್ಚಿ ಈಗ ಹಳೆ ಬೆಲ್ಲದ ಬಣ್ಣಕ್ಕೆ ತಿರುಗಿದೆ. ಅದರಲ್ಲೇ ಕೂತು ಇದನ್ನು ಒತ್ತುತ್ತಿದ್ದೇನೆ. ಆಚಾರ್ರು ಹೋಗಿ ಎಷ್ಟೋ ಮಳೆಗಾಲ ಕಳೆದವು. ಬೇಲಿ ಇದ್ದಲ್ಲಿ ಈಗ ಗೋಡೆ…

ಮೊನ್ನೆ ಶನಿವಾರ ಮೊಮ್ಮಗಳನ್ನು ಕರೆದುಕೊಂಡು ಕಾರ್ಕಳಕ್ಕೆ ಹೋದೆ. ಮಿಲ್ಲು ಉಂಟು. ಧಣಿ ಇಲ್ಲ, ಅವರ ಸೊಸೆ ಕೂರುತ್ತಾಳೆ. "ಎದುರಿಗೆ ಇಟ್ಟದ್ದು ಬೇಡ ಮಗಾ, ಬದಿಯ ಸೌದೆಯ ರಾಶಿ ತೋರಿಸು" ಎಂದೆ. ಅಲ್ಲಿ ಒಂದು ಬಾಗಿದ ಗೆಲ್ಲು ಇತ್ತು, ಹಲಸಿನದ್ದೇ. ಮೊಮ್ಮಗಳು ಅದನ್ನು ಕಂಡದ್ದೇ ಮುಖ ಅರಳಿಸಿಕೊಂಡು ಸವರತೊಡಗಿದಳು. ಕೈಗೆ ಮೆಲ್ಲಗೆ ಒಂದು ಕೊಟ್ಟೆ.

ಅಭ್ಯಾಸ ನೋಡಿ… ಚರ್ಚೆ ಶುರು ಮಾಡುವ ಮೊದಲು ನಾನು ಹಿಂದೆ ತಿರುಗಿದೆ, ಪೆನ್ಸಿಲು ಯಾವ ಕಿವಿಯಲ್ಲಿ ಉಂಟು ಎಂದು. ಅಲ್ಲಿ ಗರಗಸದ ಹುಡಿ ಬಿಸಿಲಿನಲ್ಲಿ ಹಾರುತ್ತಿತ್ತು, ಅಷ್ಟೇ.

ಮತ್ತೆ ಬಗ್ಗಿ ಗೆಲ್ಲಿನ ತುದಿ ನೋಡಿದೆ, ಬೆರಳ ಗೆಣ್ಣಿನಿಂದ ಬಡಿದೆ. ಟಣ್ ಎಂದಿತು. ಮೊಮ್ಮಗಳ ತುರುಬಿನಲ್ಲಿ ಸಿಕ್ಕಿಸಿದ್ದ ಪೆನ್ಸಿಲನ್ನು ಎಳೆದು ನನ್ನ ಬಲಗಿವಿಗೆ ಇಟ್ಟುಕೊಂಡೆ.