ಒಂದನೇ ನಂಬರಿನ ತೆಂಗಿನಕಾಯಿ

ಮೊನ್ನೆ ಹಿರಿಯಡ್ಕದ ಅಂಗಡಿಯಲ್ಲಿ ಸಾಮಾನು ಕಟ್ಟಿಸಿಕೊಳ್ಳುವಾಗ ಅಂಗಡಿಯವರು ಸಣ್ಣದೊಂದು ತೆಂಗಿನಕಾಯಿಯನ್ನು ಚೀಲಕ್ಕೆ ಹಾಕಿ, "ಇದು ಪುಕ್ಕಟೆ ಇರಲಿ ಅಕ್ಕ, ಒಂದು ಹೊತ್ತಿನ ಚಟ್ನಿಗೆ ಆಗ್ತದೆ" ಅಂದರು. ಮನೆಗೆ ಬಂದು ಚೀಲ ಖಾಲಿ ಮಾಡುವಾಗ ಅದು ಕೈಗೆ ಸಿಕ್ಕಿತು. ಸುಲಿದು, ಜುಟ್ಟು ಕಿತ್ತು, ನಯ ಮಾಡಿದ ಕಾಯಿ. ಒಂದು ಕ್ಷಣ, ಇದರ ಮೇಲೊಂದು ಉಲ್ಲನ್ ಟೊಪ್ಪಿ ಇರಬೇಕಿತ್ತಲ್ಲ ಅನ್ನಿಸಿತು... ತೆಂಗಿನಕಾಯಿ ಕಂಡರೆ ಟೊಪ್ಪಿ ನೆನಪಾಗುವುದು ಈ ಊರಲ್ಲಿ ನನಗೊಬ್ಬಳಿಗೇ ಇರಬೇಕು. ಆ ಟೊಪ್ಪಿಗಳನ್ನು ಹೆಣೆಯುತ್ತಿದ್ದವರು ನಮ್ಮ ನೆರೆಮನೆಯ ಟೀಚರ್.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಮದುವೆಯಾಗಿ ಕಾರ್ಕಳದಿಂದ ಮಣಿಪಾಲಕ್ಕೆ ಬಂದವಳು. ಗಂಡ ಒಂಬತ್ತಕ್ಕೆ ಆಫೀಸಿಗೆ ಹೋದರೆ ಸಂಜೆಯವರೆಗೆ ನನಗೆ ಗೋಡೆ ನೋಡುವ ಕೆಲಸ. ಪಕ್ಕದ ಮನೆಯಲ್ಲಿ ಟೀಚರ್ ಒಬ್ಬರೇ ಇದ್ದರು. ಉಡುಪಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು, ಮದುವೆಯಾಗಿರಲಿಲ್ಲ. ಅವರ ಮನೆಮಾತು ಕೊಂಕಣಿ, ನನ್ನದು ತುಳು. ನಮ್ಮಿಬ್ಬರ ನಡುವೆ ಕನ್ನಡ. ಹಾಗಾಗಿ ನಾವು ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುವಾಗಲೂ ಪಾಠ ನಡೆಯುತ್ತಿರುವಂತೆ ಕೇಳುತ್ತಿತ್ತು.

ಈ ಸೆಕೆಯ ಊರಿನಲ್ಲಿ ಉಲ್ಲನ್ ಯಾರಿಗೆ ಬೇಕು ಎಂದು ನಾನೂ ನಕ್ಕಿದ್ದೆ. ಹುಟ್ಟಿದ ಮಗುವಿಗೆ ಬೇಕು. ಹೊರಗೆ ಎಷ್ಟೇ ಬೆವರು ಹರಿಯಲಿ, ಬಾಣಂತಿ ಕೋಣೆಯಲ್ಲಿ ಮಗುವಿನ ನೆತ್ತಿ ಬರಿದಾಗಿ ಕಂಡರೆ ನಮ್ಮ ಹೆಂಗಸರು ಸುಮ್ಮನಿರುವವರಲ್ಲ. ತಿಂಗಳು ತುಂಬುವ ಮೊದಲೇ ಹುಟ್ಟಿದ್ದಾದರೆ ಕೇಳುವುದೇ ಬೇಡ. ಟೀಚರ್ ಪ್ರತಿ ತಿಂಗಳೂ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಒಂದು ಕಟ್ಟು ಟೊಪ್ಪಿ ಹೆಣೆದು ಕೊಡುತ್ತಿದ್ದರು. ಶಾಲೆ ಬಿಟ್ಟ ಮೇಲೆ ಅವರಿಗೆ ಇದ್ದದ್ದು ಅದೊಂದೇ ಕೆಲಸ. ಕಟ್ಟು ಕೊಟ್ಟು ಬಂದ ದಿನ ಅವರ ನಡಿಗೆಯೇ ಬೇರೆ ಇರುತ್ತಿತ್ತು.

ಟೊಪ್ಪಿಯಲ್ಲಿ ಅಂಥ ವಿದ್ಯೆಯೇನೂ ಇರಲಿಲ್ಲ. ಎರಡು ಸೀದಾ, ಎರಡು ಉಲ್ಟಾ ಹೆಣೆದು ಮೂರು ಬೆರಳಗಲ ಏಣು ಏಣಿನ ಬಾರ್ಡರು. ಆಮೇಲೆ ಸಾದಾ. ನೆತ್ತಿಯ ಹತ್ತಿರ ಕುಣಿಕೆ ಕಡಿಮೆ ಮಾಡುತ್ತಾ ಬಂದು, ಉಳಿದವುಗಳೊಳಗೆ ನೂಲು ತೂರಿಸಿ ಬಿಗಿದು, ಬದಿ ಹೊಲಿದರೆ ಮುಗಿಯಿತು. ಎಲ್ಲ ಅಳತೆಗೂ ಇದೇ ಕ್ರಮ, ಕುಣಿಕೆಯ ಲೆಕ್ಕ ಮಾತ್ರ ಬೇರೆ. ಒಂದನೇ ನಂಬರು ತಿಂಗಳಿಗೆ ಮೊದಲೇ ಹುಟ್ಟಿದವಕ್ಕೆ, ಐವತ್ತಾರು ಕುಣಿಕೆ. ಎರಡು, ತುಂಬಿ ಹುಟ್ಟಿದವಕ್ಕೆ, ಅರುವತ್ತನಾಲ್ಕು. ಮೂರು, ಮಗುಚಿಕೊಳ್ಳುವ ಮಕ್ಕಳಿಗೆ. ಲೆಕ್ಕ ಸರಿಯಿದ್ದರೂ ಕೈ ಬಿಗಿಯಾದರೆ ಟೊಪ್ಪಿ ಚಿಕ್ಕದಾಗುತ್ತದೆ, ಸಡಿಲವಾದರೆ ದೊಡ್ಡದು. ಹಾಕಿ ನೋಡಲು ತಲೆ ಬೇಕಲ್ಲ? ಟೀಚರ್ ಅದಕ್ಕೆ ತೆಂಗಿನಕಾಯಿ ಇಟ್ಟುಕೊಂಡಿದ್ದರು.

ಅಡುಗೆಮನೆಯ ಹೊರಗಿನ ಹಲಗೆಯ ಮೇಲೆ ಮೂರು ಕಾಯಿಗಳು ಸಾಲಾಗಿ ಕೂತಿರುತ್ತಿದ್ದವು. ಒಂದೊಂದರ ಮೇಲೂ ಸುಣ್ಣದಲ್ಲಿ ನಂಬರು, ಸುತ್ತ ಒಂದು ಗೆರೆ. ಬಾರ್ಡರಿನ ಅಂಚು ಸರಿಯಾಗಿ ಗೆರೆಯವರೆಗೆ ಇಳಿದರೆ ಟೊಪ್ಪಿ ಪಾಸು. ಒಂದನೇ ನಂಬರಿನದ್ದು ಬಾವಿಕಟ್ಟೆಯ ಬಳಿಯ ವಾಲಿದ ಮರದ್ದು; ಆ ಮರದ ಕಾಯಿಗಳೆಲ್ಲ ಸಣ್ಣವು. ಹಳೆಯದು ಒಣಗಿದರೆ ಅದೇ ಮರದಿಂದ ಅಷ್ಟೇ ಗಾತ್ರದ್ದನ್ನು ಹುಡುಕಿ ಇಡುತ್ತಿದ್ದರು. ನಡೆದಾಡುವ ಮಕ್ಕಳ ನಾಲ್ಕನೇ ನಂಬರಿಗೆ ಹಿತ್ತಾಳೆಯ ತಂಬಿಗೆ. ದೊಡ್ಡವರ ಐದನೆಯದಕ್ಕೆ ಅವರದೇ ತಲೆ. ಆಗುಂಬೆ ಘಾಟಿ ಹತ್ತುವ ಬಸ್ಸಿನ ಡ್ರೈವರೊಬ್ಬರಿಗೆ ಹೆಣೆದ ಟೊಪ್ಪಿಯನ್ನು ಹಾಕಿಕೊಂಡೇ ಅವರು ಒಮ್ಮೆ ಬಾಗಿಲು ತೆರೆದಾಗ ಹಾಲಿನವನು ಹೆದರಿ ಒಂದು ಹೆಜ್ಜೆ ಹಿಂದೆ ಸರಿದಿದ್ದ.

ನನಗೂ ಕಡ್ಡಿ ಹಿಡಿಯಲು ಕಲಿಸಿದರು. "ನಿನ್ನ ಕೈ ತುಂಬಾ ಸಡಿಲ ಉಂಟು ಮಾರಾಯ್ತಿ, ಇದರೊಳಗೆ ಇಬ್ಬರು ಮಕ್ಕಳು ಹಿಡೀತಾರೆ" ಎನ್ನುತ್ತಿದ್ದರು. ನಾನು ಬಸುರಿಯಾದಾಗ, "ಮೊದಲೇ ಹೆಣೆದು ಇಡಬಾರದು. ನೀನು ಹೆತ್ತ ದಿನವೇ ಕೂತು ಹೆಣೆದು ತರ್ತೇನೆ" ಅಂದರು.

ನನಗೆ ಐದು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಭಾವನೂ ಅಕ್ಕನೂ, ಎಂದರೆ ಗಂಡನ ಅಣ್ಣ ಅತ್ತಿಗೆ, ಕಾರ್ಕಳದಿಂದ ಮಧ್ಯಾಹ್ನದ ಊಟಕ್ಕೆ ಬರುತ್ತಾರೆಂದು ಗೊತ್ತಾಯಿತು. ಮನೆಯಲ್ಲಿ ಒಂದೇ ಒಂದು ತೆಂಗಿನಕಾಯಿ ಇತ್ತು. ಒಡೆದರೆ ಕೊಳೆತಿತ್ತು. ಕಾಯಿ ಇಲ್ಲದೆ ಪದಾರ್ಥ ಹೇಗೆ ಮಾಡುವುದು? ಹೊಸ ಸೊಸೆ ನೀರು ಸಾರು ಬಡಿಸಿದಳೆಂದು ಕಾರ್ಕಳದಲ್ಲಿ ವರ್ಷವಿಡೀ ಮಾತಾಗುತ್ತಿತ್ತು. ಅಂಗಡಿಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ, ಟೀಚರ್ ಮನೆಗೆ ಓಡಿದೆ. ಅವರು ಟೊಪ್ಪಿ ಕೊಡಲು ಆಸ್ಪತ್ರೆಗೆ ಹೋಗಿದ್ದರು. ಹಲಗೆ ಮಾತ್ರ ಎದುರಿಗಿತ್ತು.

ನೆರೆಮನೆಯ ಕಾಯಿ ತೆಗೆದುಕೊಂಡು ಸಂಜೆ ಇನ್ನೊಂದು ಕೊಡುವುದು ನಮ್ಮಲ್ಲಿ ಹೇಳಿ ಕೇಳಿ ಮಾಡುವ ವಿಷಯವೇ ಅಲ್ಲ. ಆದರೆ ಆ ಮೂರು ಅಡುಗೆಯ ಕಾಯಿಗಳಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಇರುವುದರಲ್ಲಿ ಸಣ್ಣದನ್ನು ತೆಗೆದೆ. ಸಣ್ಣದಾದರೆ ತಪ್ಪೂ ಸಣ್ಣದು ಎಂದುಕೊಂಡೆನೋ ಏನೋ. ಊಟವಾಗಿ ಅವರನ್ನು ಬಸ್ಸು ಹತ್ತಿಸಿದ ಮೇಲೆ ಅಂಗಡಿಯಿಂದ ಒಂದು ಕಾಯಿ ತಂದು, ಜುಟ್ಟು ಕಿತ್ತು, ನಾರು ತಿಕ್ಕಿ, ಸುಣ್ಣದಲ್ಲಿ ಗೆರೆ ಎಳೆದೆ. ನಂಬರನ್ನೂ ಬರೆದೆ, ಅವರು ಬರೆಯುವ ಹಾಗೆಯೇ. ಟೀಚರ್ ಆಸ್ಪತ್ರೆಯಿಂದ ನೇರ ಉಡುಪಿಗೆ ಹೋಗಿದ್ದರಿಂದ ಇನ್ನೂ ಬಂದಿರಲಿಲ್ಲ. ಕಾಯಿ ಒಂಚೂರು ದೊಡ್ಡದಿತ್ತು. ಸಾಯಲಿ, ಯಾರು ನೋಡುತ್ತಾರೆ ಎಂದುಕೊಂಡು ಹಲಗೆಯ ಮೇಲಿಟ್ಟು ಬಂದೆ.

ಮುಂದಿನ ಕಟ್ಟಿಗೆ ವಾರ್ಡಿನವರು ಒಂದನೇ ನಂಬರಿನ ಹನ್ನೆರಡು ಟೊಪ್ಪಿಗಳನ್ನೇ ಕೇಳಿದ್ದರು. ಮೊದಲನೆಯದು ಗೆರೆ ಮುಟ್ಟಲಿಲ್ಲ. ಟೀಚರಿಗೆ ಕಣ್ಣಿನ ಪೊರೆ ಶುರುವಾಗಿತ್ತು. ಟೊಪ್ಪಿಯನ್ನು ಮುಖದ ಹತ್ತಿರ ಹಿಡಿದು ಕುಣಿಕೆ ಎಣಿಸಿದರು. ಐವತ್ತಾರೇ ಇತ್ತು. "ಕೈ ಬಿಗಿ ಆಗಿದೆ ಅಂತ ಕಾಣ್ತದೆ. ಪ್ರಾಯ ಆಯ್ತಲ್ಲ" ಅಂದರು. ಬಿಚ್ಚಿ ನಾಲ್ಕು ಕುಣಿಕೆ ಜಾಸ್ತಿ ಹಾಕಿದರು, ಆಮೇಲೆ ಮತ್ತೆ ನಾಲ್ಕು. ನಾನು ಪಕ್ಕದಲ್ಲೇ ಕೂತು ಉಲ್ಲನ್ ಉಂಡೆ ಸುತ್ತುತ್ತಿದ್ದೆ. ಆಗಲೇ ಹೇಳಬಹುದಿತ್ತು... ಅವರು ಕಾಯಿಯ ಮೇಲೆ ಅನುಮಾನ ಪಡಲೇ ಇಲ್ಲ. ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ ತಮ್ಮ ಕೈಯ ಮೇಲೆ ಪಟ್ಟರು.

ಹನ್ನೆರಡು ಟೊಪ್ಪಿಗಳೂ ವಾಪಸು ಬಂದವು. ತಂದ ಆಯಾ ಒಳ್ಳೆಯವಳೇ, ಮೆತ್ತಗೆ ಹೇಳಿದಳು: "ಟೀಚರ್, ಟೊಪ್ಪಿ ಮಗುವಿನ ಮೂಗಿಗೆ ಇಳೀತದೆ. ಸಿಸ್ಟರ್ ಹೆದರಿದ್ರು." ಟೀಚರ್ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡರು. "ಕೈ ಹೋಯ್ತು. ಎಂತ ಮಾಡುದು, ಇನ್ನು ಮಕ್ಕಳ ಉಸಿರಿನ ಜೊತೆ ಆಟ ಬೇಡ" ಅಂದವರು ಕಡ್ಡಿಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಅಡಿಗೆ ಸೇರಿಸಿದರು. ನಾನು ಆಗಲೂ ಬಾಯಿ ಬಿಡಲಿಲ್ಲ. ಹೇಳಲು ತಡವಾದಷ್ಟೂ ಹೇಳುವುದು ಕಷ್ಟವಾಗುತ್ತಾ ಹೋಯಿತು.

ನನ್ನ ಮಗ ಹುಟ್ಟಿದ ದಿನ ಟೀಚರ್ ಆಸ್ಪತ್ರೆಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಉಡುಪಿಯ ಅಂಗಡಿಯ ಟೊಪ್ಪಿ ಇತ್ತು. "ಇದು ಅಳತೆ ಸರಿ ಉಂಟು, ಅಂಗಡಿಯವರೇ ನೋಡಿ ಕೊಟ್ಟದ್ದು" ಅಂದರು. ನಾನು ಗೋಡೆಯ ಕಡೆ ತಿರುಗಿ ಅತ್ತೆ. ಬಾಣಂತಿಯರು ಅಳುವುದು ಸಾಮಾನ್ಯವೆಂದು ಯಾರೂ ಕಾರಣ ಕೇಳಲಿಲ್ಲ.

ಅದೇ ವರ್ಷ ಅವರು ಮನೆ ಬಿಟ್ಟು ಕಾಪುವಿನ ತಂಗಿಯ ಮನೆಗೆ ಹೋದರು. ಮಗನಿಗೆ ಒಂದೂವರೆ ವರ್ಷವಾದಾಗ, ಆ ಮನೆಗೆ ಹೊಸದಾಗಿ ಬಂದವರನ್ನು ಕೇಳಿ, ಬಾವಿಕಟ್ಟೆಯ ಮರದ ಒಂದು ಕಾಯಿ ಪಡೆದು, ಸುಲಿಸಿ, ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಟೀಚರ್ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಪೊರೆ ಬಲಿತು ಹೆಚ್ಚೇನೂ ಕಾಣಿಸುತ್ತಿರಲಿಲ್ಲ. ಬೆರಳ ಗೆಣ್ಣುಗಳು ಊದಿದ್ದವು. ಕಾಯಿಯನ್ನು ಅವರ ಕೈಯಲ್ಲಿಟ್ಟೆ. ಎರಡೂ ಅಂಗೈಯಲ್ಲಿ ಒಮ್ಮೆ ತಿರುಗಿಸಿದ್ದಷ್ಟೇ.

"ಇದು ನಂಬರ್ ಒಂದಲ್ವಾ?"

ನಾನು ಎಲ್ಲವನ್ನೂ ಹೇಳಿದೆ. ಭಾವ, ಅಕ್ಕ, ಕೊಳೆತ ಕಾಯಿ, ಸುಣ್ಣದ ಗೆರೆ. ಕ್ಷಮಿಸಿ ಟೀಚರ್ ಅಂದೆ. ಅವರು ಕಾಯಿಯನ್ನು ಕೆಳಗಿಡಲಿಲ್ಲ. ಒಳಗೆ ತಂಗಿ ಪಾತ್ರೆ ತೊಳೆಯುತ್ತಿದ್ದರು. ಮಗ ಅಂಗಳದಲ್ಲಿ ಕೋಳಿಯ ಹಿಂದೆ ಓಡುತ್ತಿದ್ದ.

"ಎರಡು ವರ್ಷ ನಾನು ನನ್ನ ಕೈಗೆ ಬೈದೆ ಮಾರಾಯ್ತಿ" ಅಂದರು ಕೊನೆಗೆ.

ಚಾ ಕೊಡಿಸಿದರು. ಮಗನನ್ನು ಹತ್ತಿರ ಕರೆದು ತಲೆಯ ಸುತ್ತ ಬೆರಳು ಆಡಿಸಿ, "ನಾಲ್ಕು ಬೇಕು ಇವನಿಗೆ, ಮೂರು ಆಗುದಿಲ್ಲ" ಅಂದರು. ಹೊರಡುವಾಗ ತೆಂಗಿನಕಾಯಿಯನ್ನು ನನ್ನ ಚೀಲಕ್ಕೆ ತಾವೇ ಹಾಕಿದರು. "ತಗೊಂಡು ಹೋಗು. ಅಡುಗೆಗೆ ಬೇಕಾದೀತು ನಿನಗೆ." ನಗುತ್ತಾ ಅಂದರೋ, ಹಾಗೇ ಅಂದರೋ... ಎಷ್ಟು ಯೋಚಿಸಿದರೂ ಅದು ಮಾತ್ರ ನೆನಪಾಗುವುದಿಲ್ಲ. ಮರುವರ್ಷ ಅವರು ತೀರಿಕೊಂಡ ಸುದ್ದಿ ಬಂತು, ಅದೂ ಎಲ್ಲ ಕಾರ್ಯ ಮುಗಿದ ಮೇಲೆ. ಕಡ್ಡಿಗಳು ಏನಾದವೋ ತಿಳಿಯದು. ಅವನ್ನು ಮತ್ತೆ ಹೊರಗೆ ತೆಗೆದಿರಲಿಲ್ಲವಂತೆ.

ಹಿರಿಯಡ್ಕದ ಕಾಯಿಯನ್ನು ನಾನು ಅಡುಗೆಮನೆಯ ಕಪಾಟಿನ ಮೇಲೆ, ಸ್ವಲ್ಪ ಬೇರೆಯಾಗಿ ಇಟ್ಟಿದ್ದೆ. ಯಾಕೆಂದು ಯಾರಿಗೂ ಹೇಳಿರಲಿಲ್ಲ. ನಿನ್ನೆ ಬೆಳಿಗ್ಗೆ ಎದ್ದು ಬಂದಾಗ ಆ ಜಾಗದಲ್ಲಿ ಬೇರೊಂದು ಕಾಯಿ ಕೂತಿತ್ತು, ದೊಡ್ಡದು. ಸೊಸೆ ದೋಸೆ ಹುಯ್ಯುತ್ತಿದ್ದವಳು ತಿರುಗಿ ನೋಡಿದಳು.

"ಅತ್ತೆ, ಆ ಸಣ್ಣ ಕಾಯಿ ನಾನು ಒಡೆದೆ, ಚಟ್ನಿಗೆ. ನೀವು ಎಂತಕ್ಕಾದರೂ ಇಟ್ಟದ್ದಾ?"

ಎಷ್ಟು ಸಲೀಸಾಗಿ ಹೇಳಿಬಿಟ್ಟಳು. ಇಷ್ಟೇ ಮಾತು. ನಾನೂ ಅಂದು ಸಂಜೆಯೇ ಹೀಗೆ ಅಂದಿದ್ದರೆ ಟೀಚರ್ ನನ್ನನ್ನು ಎರಡು ದಿನ ಬೈಯುತ್ತಿದ್ದರು, ಮೂರನೆಯ ದಿನ ಬಾವಿಕಟ್ಟೆಯ ಮರದಿಂದ ಇನ್ನೊಂದು ಕಾಯಿ ತೆಗೆಸುತ್ತಿದ್ದರು.

"ಇಲ್ಲ, ಸುಮ್ಮನೆ ಇಟ್ಟದ್ದು" ಅಂದೆ. ತಟ್ಟೆ ಎಳೆದುಕೊಂಡು ಕೂತೆ. ಚಟ್ನಿ ಚೆನ್ನಾಗಿಯೇ ಆಗಿತ್ತು.