ಶೇಖರ್ ಹೇಳಿದ ಮಾಫಿ

ಶೇಖರ್ ಸುಳ್ಳು ಹೇಳಿರಲಿಲ್ಲ. ಹೇಳಿದವನು ನಾನು. ಅಥವಾ — ನನ್ನ ಗೊಂದಲ ಇಲ್ಲಿಂದಲೇ ಶುರುವಾಗುತ್ತದೆ — ಅಂದು ನನ್ನ ಬಾಯಿಂದ ಬಂದ ಒಂದೊಂದು ಪದವೂ ಬಿಡಿಬಿಡಿಯಾಗಿ ನೋಡಿದರೆ ಹೆಚ್ಚುಕಡಿಮೆ ನಿಜವೇ ಆಗಿತ್ತು. ಒಟ್ಟಾಗಿ ನೋಡಿದರೆ ಸುಳ್ಳು. ಅದನ್ನು ಆಮೇಲೆ ಅಚ್ಚಿಗೂ ಹಾಕಿದೆ.

ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ದೋಹಾದ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಮನೆ ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯಲ್ಲಿ. ನಮ್ಮ ಫ್ಲ್ಯಾಟುಗಳ ಹಿಂದಿನ ಖಾಲಿ ಬಯಲಿನಲ್ಲಿ ಒಂದು ಶುಕ್ರವಾರ ಕೆಲವು ಆಸ್ಟ್ರೇಲಿಯನ್ನರು ಕಟ್ಟಡದ ಸಾರುವೆಯ ಪೈಪುಗಳನ್ನು ನೆಡುತ್ತಿದ್ದರು — ಒಂದು ತುದಿಗೆ ನಾಲ್ಕು, ಇನ್ನೊಂದು ತುದಿಗೆ ನಾಲ್ಕು. ಹುಲ್ಲಿಲ್ಲ, ಕಲ್ಲು, ಮರಳು, ಸುಣ್ಣದ ಗೆರೆ. ಅವರ ದೇಶದ ಫುಟ್‌ಬಾಲ್ ಆಡುವ ಕ್ಲಬ್ ಅಲ್ಲಿ ಹುಟ್ಟಿದ್ದು ಹಾಗೆ. ಅದನ್ನು ಕಟ್ಟಿದವನು ನೀಲ್ ಎಂಬ ಶಾಲಾಮೇಷ್ಟ್ರು. ಮೊದಮೊದಲು ಎರಡು ತಂಡಕ್ಕಾಗುವಷ್ಟು ಜನರಿರಲಿಲ್ಲ. ಐರಿಷ್ ನರ್ಸೊಬ್ಬರ ಗಂಡ, ಇಬ್ಬರು ಸ್ಕಾಟಿಷ್ ಎಂಜಿನಿಯರುಗಳು, ದಾರಿಯಲ್ಲಿ ನಿಂತು ನೋಡುತ್ತಿದ್ದವರು, ಎಲ್ಲರನ್ನೂ ಎಳೆದುಕೊಂಡರು.

ಹಾಗೆ ನಿಂತು ನೋಡುತ್ತಿದ್ದವರಲ್ಲಿ ಒಬ್ಬ ಶೇಖರ್. ಉಡುಪಿ ಕಡೆಯವನು. ಮನೆಮಾತು ತುಳು, ನನ್ನ ಜೊತೆ ಕನ್ನಡ. ಒಂದು ಕಂಪನಿಯ ಗೋದಾಮಿನಲ್ಲಿ ಕೆಲಸ. ಊರಲ್ಲಿ ವಾಲಿಬಾಲ್ ಆಡಿ ಬೆಳೆದ ಕಾಲುಗಳು. ನಿಂತಲ್ಲಿಂದಲೇ ಜಿಗಿದು ಎಲ್ಲರ ತಲೆಯ ಮೇಲಿಂದ ಚೆಂಡು ಹಿಡಿಯುತ್ತಿದ್ದ. ಈ ಆಟದಲ್ಲಿ ಅದಕ್ಕಿಂತ ದೊಡ್ಡ ವಿದ್ಯೆಯಿಲ್ಲ. ಆ ಮೊಟ್ಟೆಯಾಕಾರದ ಚೆಂಡಿಗೆ ಆತ ಇಟ್ಟ ಹೆಸರು ಪಪ್ಪಾಯಿ.

"ಎತ್ತ ಪುಟಿಯುವುದು ಅಂತ ಅದಕ್ಕೇ ಗೊತ್ತಿಲ್ಲ ಮಾರಾಯ್ರೆ," ಎನ್ನುತ್ತಿದ್ದ. "ನೀರು ಮಾಫಿ, ನೆರಳು ಮಾಫಿ, ಈ ಬಿಳಿಯರಿಗೆ ಬುದ್ಧಿಯೂ ಮಾಫಿ. ಆದರೆ ಒಂದು ಹೇಳ್ತೇನೆ, ಇಲ್ಲಿ ಮಾತ್ರ ನನ್ನನ್ನು ಯಾರೂ 'ಓ ಸ್ಟೋರು' ಅಂತ ಕರೆಯುವುದಿಲ್ಲ."

ಮಾಫಿ ಎಂದರೆ ಅಲ್ಲಿಯ ಅರಬಿಯಲ್ಲಿ 'ಇಲ್ಲ'. ದಿನವಿಡೀ ಗೋದಾಮಿನಲ್ಲಿ ಇದು ಮಾಫಿ, ಅದು ಮಾಫಿ ಎನ್ನುತ್ತ ಅದು ಅವನ ಕನ್ನಡದೊಳಗೂ ಸೇರಿಕೊಂಡಿತ್ತು. ನನಗೆ ಇದು ಚೆನ್ನಾಗಿ ಗೊತ್ತಿತ್ತು. ಈ ವಾಕ್ಯವನ್ನು ನೆನಪಿಡಿ — ಮುಂದೆ ನಾನು ಇದರಿಂದ ನುಣುಚಿಕೊಳ್ಳಲು ನೋಡಬಹುದು.

ನಾನು ಆಡಿದವನಲ್ಲ. ಬರೆಯುವವನು ಪಕ್ಷಪಾತಿಯಲ್ಲ ಎಂದುಕೊಂಡು ನೀಲ್ ನನ್ನನ್ನು ಗೋಲ್ ಅಂಪೈರ್ ಮಾಡಿದ. ಯಾರದೋ ಔಷಧದಂಗಡಿಯ ಬಿಳಿ ಕೋಟು, ಕೈಯಲ್ಲಿ ಎರಡು ಬಾವುಟ. ಒದ್ದ ಚೆಂಡು ನಡುವಿನ ಎರಡು ಎತ್ತರದ ಕಂಬಗಳ ನಡುವೆ ಹಾದರೆ ಎರಡೂ ಬಾವುಟ ಬೀಸಬೇಕು: ಆರು ಅಂಕ. ಹಾಗೆ ಹಾದುಹೋಗುವ ಮೊದಲು ಯಾರ ಬೆರಳಾದರೂ ತಾಕಿದ್ದರೆ ಒಂದೇ ಬಾವುಟ: ಒಂದೇ ಅಂಕ. ನಮ್ಮಲ್ಲಿ ಅಂಪೈರುಗಳು ಕಡಿಮೆ, ಧೂಳು ಜಾಸ್ತಿ. ಹಾಗಾಗಿ ಒಂದು ಪದ್ಧತಿ ಬೆಳೆದಿತ್ತು. ಅನುಮಾನವಾದರೆ ಆಟಗಾರನನ್ನೇ ಕೇಳುವುದು. ಆತ ಹೇಳಿದ್ದೇ ತೀರ್ಪು. ನೀಲ್‌ಗೆ ಇದರ ಬಗ್ಗೆ ಬಹಳ ಹೆಮ್ಮೆಯಿತ್ತು.

ಆ ಶುಕ್ರವಾರ ಎದುರಾಳಿಗಳು ಉಮ್ಮ್ ಸಲಾಲ್ ಕಡೆಯ ಕಾಮಗಾರಿ ಕ್ಯಾಂಪಿನ ಆಸ್ಟ್ರೇಲಿಯನ್ನರು. ಆಟ ಮುಗಿಯುತ್ತಿತ್ತು. ನಮ್ಮವರು ನಾಲ್ಕು ಅಂಕ ಮುಂದೆ. ಅವರಲ್ಲೊಬ್ಬ ದೂರದಿಂದ ಒದ್ದ. ಗೋಲಿನ ಗೆರೆಯ ಮೇಲೆ ಶೇಖರ್ ಎರಡೂ ಕೈ ಎತ್ತಿ ಜಿಗಿದ, ವಾಲಿಬಾಲಿನ ಬ್ಲಾಕ್‌ನಂತೆ. ಚೆಂಡು ಅವನ ಬೆರಳುಗಳ ಮೇಲಿಂದಲೋ, ಬೆರಳುಗಳನ್ನು ಸವರಿಯೋ — ಸೂರ್ಯ ನೇರ ನನ್ನ ಕಣ್ಣಿಗೆ ಹೊಡೆಯುತ್ತಿದ್ದ — ಕಂಬಗಳ ನಡುವೆ ಹಾದುಹೋಯಿತು. ತಾಕಿದ್ದರೆ ನಾವು ಗೆದ್ದೆವು. ತಾಕದಿದ್ದರೆ ಸೋತೆವು.

ನಾನು ಕನ್ನಡದಲ್ಲಿ ಕೇಳಿದೆ. ಏಕೆ ಕನ್ನಡದಲ್ಲಿ? ಗೊತ್ತಿಲ್ಲ. ಬಾಯಿಗೆ ಬಂದದ್ದು ಅದೇ.

"ಮುಟ್ಟಿದ್ರಾ?"

ಆತ ಏದುಸಿರು ಬಿಡುತ್ತ ತಲೆಯಲ್ಲಾಡಿಸಿದ. "ಮಾಫಿ."

ನಾನು ಒಂದು ಬಾವುಟ ಬೀಸಿದೆ.

ಇಷ್ಟು ವರ್ಷಗಳಿಂದ ನಾನು ಮತ್ತೆ ಮತ್ತೆ ಹಿಂತಿರುಗುವುದು ಆ ಒಂದು ಕ್ಷಣಕ್ಕೆ. ಮೈಸೂರಿನಲ್ಲಿ ಬೆಳೆದ ನನ್ನ ಕಿವಿಗೆ ಮಾಫಿ ಎಂದರೆ ಮೊದಲು ಹಿಂದಿಯ ಕ್ಷಮೆ. ಕ್ಷಮಿಸಿ, ತಾಕಿತು — ಹಾಗೆ ಕೇಳಿಸಿತೇ? ಅಥವಾ ಅದು 'ಇಲ್ಲ' ಎಂದೇ ಕೇಳಿಸಿ, ನಮ್ಮವರು ಗೆಲ್ಲಲಿ ಎಂದು ಕೈ ತಾನಾಗಿ — ಅಥವಾ ಕೇಳಿಸುವ ಮೊದಲೇ ಕೈ ಎದ್ದಿತ್ತೇ? ಡೆಸ್ಕಿನಲ್ಲಿ ನನ್ನದೊಂದು ನಿಯಮವಿತ್ತು: ಎರಡು ಅರ್ಥ ಬರುವ ಮಾತನ್ನು ಇನ್ನೊಮ್ಮೆ ಕೇಳದೆ ಅಚ್ಚಿಗೆ ಕಳಿಸಬಾರದು. "ಅಂದರೆ?" ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಆ ಕ್ಷಣದಲ್ಲಿ ನಾನು ಏನು ಅರ್ಥಮಾಡಿಕೊಂಡೆ ಎಂಬುದು ನನಗೆ ಇಂದಿಗೂ ತಿಳಿಯದು. ಇದು ನಾಟಕವಲ್ಲ, ನಿಜವಾಗಿ ತಿಳಿಯದು.

ಆದರೆ ನಂತರದ್ದು ತಿಳಿದಿದೆ.

ಉಮ್ಮ್ ಸಲಾಲ್‌ನವರು ಕೂಗಾಡಿದರು. ಇಬ್ಬರು ಇಂಡಿಯನ್ನರು ತಮ್ಮ ಭಾಷೆಯಲ್ಲಿ ಮಾತಾಡಿಕೊಂಡು ಪಂದ್ಯ ತಿಂದುಹಾಕಿದರು ಎಂದರು. ನಮ್ಮವರು ನಗುತ್ತ ಪೆಪ್ಸಿ ಕ್ಯಾನುಗಳನ್ನು ತೆರೆಯುತ್ತಿದ್ದರು. ಆಗ ಶೇಖರ್ ನೇರ ನೀಲ್ ಬಳಿ ಹೋಗಿ ತನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದ: ನಾನು ಮುಟ್ಟಲಿಲ್ಲ, ಅದು ಗೋಲು, ಇವರಿಗೆ ಹೇಳಿದ್ದೇನೆ.

ಎಲ್ಲರೂ ನನ್ನತ್ತ ತಿರುಗಿದರು. "ಅವನು ಏನೆಂದ?" ಎಂದು ನೀಲ್ ಕೇಳಿದ.

"ಮಾಫಿ ಎಂದ."

"ಮಾಫಿ? ಅಂದರೆ ಇಲ್ಲ ಅಂತಲ್ಲವೇ?" ನೀಲ್‌ಗೂ ಅಷ್ಟು ಅರಬಿ ಗೊತ್ತಿತ್ತು.

ನನಗೆ ಬಾಗಿಲು ತೆರೆದುಕೊಟ್ಟಿದ್ದ. ಹೌದು, ನಾನು ತಪ್ಪು ಕೇಳಿಸಿಕೊಂಡೆ ಎಂದರೆ ಮುಗಿಯುತ್ತಿತ್ತು. ಆದರೆ ಬಿಳಿ ಕೋಟು ಹಾಕಿಕೊಂಡು, ಕನ್ನಡದವನಿಗೆ ಕನ್ನಡದವನ ಮಾತು ಅರ್ಥವಾಗಲಿಲ್ಲ ಎಂದು ಅಷ್ಟು ಜನರ ಮುಂದೆ —

"ನಾವು ನಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದೆವು," ಎಂದೆ. "ನಮ್ಮಲ್ಲಿ ಅದಕ್ಕೆ ಕ್ಷಮೆ ಎಂದರ್ಥ. ಅವನು ಒಪ್ಪಿಕೊಂಡ."

ಶೇಖರ್ ನನ್ನನ್ನೇ ನೋಡಿದ. ಕೋಪವಿರಲಿಲ್ಲ, ಲೆಕ್ಕ ತಪ್ಪಿದವನ ಹಾಗೆ ನೋಡಿದ. "ಎಂತ ಮಾರಾಯ್ರೆ," ಎಂದ ಮೆಲ್ಲಗೆ, "ನಿಮಗೆ ಗೊತ್ತುಂಟಲ್ಲ."

"ಈಗೇನಂದ?" ಎಂದ ನೀಲ್.

"ಏನಿಲ್ಲ," ಎಂದೆ.

ಯಾರೂ ಶೇಖರನನ್ನು ಕ್ಲಬ್ಬಿನಿಂದ ತೆಗೆಯಲಿಲ್ಲ. ಅಷ್ಟು ಕ್ರೂರಿಗಳಲ್ಲ ಅವರು. ತಮಾಷೆ ಮಾತ್ರ ಮಾಡಿದರು. ಮೊದಲು ಒಪ್ಪಿಕೊಂಡು ಆಮೇಲೆ ದೊಡ್ಡ ಮನುಷ್ಯನಾಗಲು ಹೊರಟವನು ಎಂದು ಅವರ ಅಂದಾಜು. ಚೆಂಡು ಯಾರಿಗೆ ತಾಕಿದರೂ "ಸಾರಿ, ಶೇಖರ್!" ಎಂದು ಮೈದಾನವೆಲ್ಲ ಕೂಗು. ಸ್ಟೋರು ಎಂದು ಕರೆಸಿಕೊಳ್ಳದ ಒಂದೇ ಜಾಗದಲ್ಲಿ ಆತನಿಗೆ ಹೊಸ ಹೆಸರು ಸಿಕ್ಕಿತ್ತು. ಕೆಲವು ಶುಕ್ರವಾರಗಳು ಬಂದ. ಆಮೇಲೆ ಬರಲಿಲ್ಲ.

ನೀಲ್ ಊರಿಗೆ ಮರಳುವಾಗ ಕ್ಲಬ್ಬಿನ ಚರಿತ್ರೆ ಬರೆದುಕೊಡು ಎಂದ. ಪಿನ್ನು ಹೊಡೆದ ಪುಟ್ಟ ಪುಸ್ತಿಕೆ. ಪೈಪಿನ ಕಂಬಗಳು, ಸುಣ್ಣದ ಗೆರೆ, ಬೇಸಿಗೆಯಲ್ಲಿ ಶೂಗಳ ತಳ ಕಿತ್ತುಬಂದದ್ದು, ಎಲ್ಲವನ್ನೂ ಪರಿಶೀಲಿಸಿ ಬರೆದೆ. ಆ ಪಂದ್ಯದ ಬಗ್ಗೆ ಒಂದು ವಾಕ್ಯ: ಚೆಂಡು ತಾಕಿದ್ದನ್ನು ಆಟಗಾರನೇ ಒಪ್ಪಿಕೊಂಡ. ಹೆಸರು ಹಾಕಲಿಲ್ಲ. ಅದು ದಯೆ ಎಂದುಕೊಂಡಿದ್ದೆ. ಆದರೆ ಪುಸ್ತಿಕೆಯಲ್ಲಿ ಆತನ ಹೆಸರು ಬರಬಹುದಾಗಿದ್ದ ಇನ್ನೆಲ್ಲ ಕಡೆಯಿಂದಲೂ ನಾನು ಅದನ್ನು ತೆಗೆದಿದ್ದೆ — ಬೇಕೆಂದೇ? ಮುಜುಗರಕ್ಕೆ? ಅಂತೂ ಆ ಕ್ಲಬ್ಬಿಗೆ ಆಡಿದ ಏಕೈಕ ಭಾರತೀಯ ಅದರ ಚರಿತ್ರೆಯಲ್ಲಿಲ್ಲ.

ಆಮೇಲೆ ಆತನನ್ನು ಒಮ್ಮೆ ನೋಡಿದೆ, ಅಲ್ ಮುಂತಜಾದ ಒಂದು ಮಲೆಯಾಳಿ ಅಂಗಡಿಯಲ್ಲಿ. ನಾನು ಮೊಸರು ಹುಡುಕುತ್ತಿದ್ದೆ. ಆತ ಮಾಮೂಲಿನಂತೆ ನಕ್ಕ. "ಪೇಪರ್ ಹೇಗುಂಟು? ಆರಾಮಾ?" ಎಂದ. ನಾನು ಏನೋ ಹೇಳಲು ಬಾಯಿ ತೆರೆದೆ. ಆತ ಖಾಲಿ ಶೆಲ್ಫಿನ ಕಡೆ ಕೈ ತೋರಿಸಿ, "ಮೊಸರು..." ಎಂದು ಶುರುಮಾಡಿದವನು ತಡೆದ. ಸ್ವಲ್ಪ ಯೋಚಿಸಿ, ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದ:

"ಮೊಸರು ಇಲ್ಲ."

ನನ್ನೆದುರು ಆತ ಆ ಪದವನ್ನು ಬಿಟ್ಟಿದ್ದ. ನಾನು ಥ್ಯಾಂಕ್ಸ್ ಹೇಳಿ ಹೊರಬಂದೆ.

ಈಚೆಗೆ ಆ ಹಳೆಯ ಆಟಗಾರರಲ್ಲೊಬ್ಬ ಪುಸ್ತಿಕೆಯನ್ನು ಮರುಮುದ್ರಿಸಬೇಕು, ತಿದ್ದುಪಡಿಗಳಿದ್ದರೆ ಕಳಿಸು ಎಂದು ಬರೆದಿದ್ದ. ಕಳಿಸಿದ್ದೇನೆ. ಚೆಂಡು ತಾಕಿತೋ ಇಲ್ಲವೋ ಗೋಲ್ ಅಂಪೈರಿಗೆ ಕಾಣಲಿಲ್ಲ, ಶೇಖರ್ ಇಲ್ಲವೆಂದ, ಅಂಪೈರ್ ಅದನ್ನು ತಿರುಚಿದ, ಆ ಪಂದ್ಯವನ್ನು ಕ್ಲಬ್ ಸೋತಿತ್ತು. ಕೆಳಗೆ ನನ್ನ ಹೆಸರಿದೆ. ನೀಲ್ ಇದನ್ನು ಓದುತ್ತಾನೋ, ಅವರು ಇದನ್ನು ಹಾಗೆಯೇ ಅಚ್ಚು ಹಾಕುತ್ತಾರೋ, ಗೊತ್ತಿಲ್ಲ.

ಶೇಖರ್, ನೀವು ಈಗ ಎಲ್ಲಿದ್ದೀರಿ ಎಂಬುದೂ ಗೊತ್ತಿಲ್ಲ. ಹುಡುಕುತ್ತಿದ್ದೇನೆ. ಸಿಕ್ಕರೆ ಮಾಫಿ ಕೇಳುತ್ತೇನೆ, ಹಿಂದಿಯ ಅರ್ಥದಲ್ಲಿ. ನೀವು ಅದೇ ಪದದಲ್ಲಿ, ನಿಮ್ಮ ಗೋದಾಮಿನ ಅರ್ಥದಲ್ಲಿ ಉತ್ತರಿಸಬಹುದು. ಈ ಸಲ ನಾನು ಸರಿಯಾಗಿ ಕೇಳಿಸಿಕೊಳ್ಳುತ್ತೇನೆ.